ಗೇಮ್ ಕಂಪನಿಗಳಲ್ಲಿ ನಂಬರ್ ಒನ್ ಯಾರು? ಮೊದಲು ಯಾವ ಸೇರಲ್ಲಿ ಅಳೆಯುತ್ತೀರಿ ಹೇಳಿ

2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಸೋನಿಯ ಗೇಮ್ ವಿಭಾಗದ ಮಾರಾಟ ಸುಮಾರು 4.27 ಲಕ್ಷ ಕೋಟಿ ಯೆನ್. ಅದೇ ವರ್ಷ ನಿಂಟೆಂಡೊ ಮಾರಾಟ 1.67 ಲಕ್ಷ ಕೋಟಿ ಯೆನ್. ಸೋನಿ ಎರಡೂವರೆ ಪಟ್ಟು ದೊಡ್ಡದು, ಮಾತು ಮುಗಿಯಿತು ಅನ್ನಿಸುತ್ತದೆ ಅಲ್ವಾ? ಈಗ ಪಕ್ಕದ ಕಾಲಂ ನೋಡಿ. ಖರ್ಚು ಕಳೆದು ಉಳಿದ ಕಾರ್ಯಾಚರಣೆ ಲಾಭ ಸೋನಿ ಗೇಮ್ ವಿಭಾಗಕ್ಕೆ ಸುಮಾರು 29,000 ಕೋಟಿ ಯೆನ್. ನಿಂಟೆಂಡೊಗೆ ಸುಮಾರು 52,900 ಕೋಟಿ ಯೆನ್. ಅಂದರೆ ಸೋನಿ ನೂರು ಯೆನ್ ಮಾರಿದರೆ ಏಳು ಯೆನ್ನೂ ಉಳಿಯಲಿಲ್ಲ, ನಿಂಟೆಂಡೊಗೆ ಮೂವತ್ತೊಂದಕ್ಕಿಂತ ಜಾಸ್ತಿ ಉಳಿಯಿತು.

ಈಗ ಹೇಳಿ, ಯಾರು ಮುಂದೆ?

ಯೂಟ್ಯೂಬ್ ಕಾಮೆಂಟುಗಳಲ್ಲಿ ನಡೆಯುವ ಜಗಳ ಹೆಚ್ಚುಕಡಿಮೆ ಇಷ್ಟೇ. ಇಬ್ಬರ ಕೈಯಲ್ಲೂ ಅಂಕಿ ಇರುತ್ತದೆ, ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಒಬ್ಬ ರಾಗಿಯನ್ನು ಸೇರಿನಲ್ಲಿ ಅಳೆಯುತ್ತಿದ್ದಾನೆ, ಇನ್ನೊಬ್ಬ ಬಟ್ಟೆಯನ್ನು ಮೊಳದಲ್ಲಿ. ನೀವು ಕಾಲೇಜಿನ ಪ್ರಾಜೆಕ್ಟ್‌ಗೋ, ಷೇರು ಕೊಳ್ಳುವ ಮುಂಚೆಯೋ, ಅಥವಾ ಸುಮ್ನೆ ಗೆಳೆಯನ ಬಾಯಿ ಮುಚ್ಚಿಸೋದಕ್ಕೋ ಈ ಲೆಕ್ಕ ಮಾಡಬೇಕು ಅಂತಿದ್ದರೆ, ನಾನು ಮಾಡುವ ಕ್ರಮ ಇಲ್ಲಿದೆ. ಒಂದು ಸ್ಪ್ರೆಡ್‌ಶೀಟ್ ತೆರೆದುಕೊಳ್ಳಿ ಸಾಕು.

ಹೆಜ್ಜೆ 1: ಅಂಗಳದ ಗೆರೆ ಎಳೆಯಿರಿ

ಇದೇ ಅತಿ ದೊಡ್ಡ ಕೆಲಸ, ಮತ್ತು ಎಲ್ಲರೂ ಹಾರಿಸಿಬಿಡುವ ಕೆಲಸ. "ಗೇಮ್ ಮಾರುಕಟ್ಟೆ" ಅಂತ ಒಂದೇ ಮಾರುಕಟ್ಟೆ ಇಲ್ಲ. ಕನ್ಸೋಲ್ (ಗೇಮ್ ಆಡಲೆಂದೇ ಮಾಡಿದ ಯಂತ್ರ) ಇದೆ, ಪಿಸಿ ಇದೆ, ಮೊಬೈಲ್ ಇದೆ. ಕನ್ಸೋಲ್ ಒಳಗೇ ಯಂತ್ರ ಮಾರುವವರು ಬೇರೆ, ಗೇಮ್ ಮಾಡುವವರು ಬೇರೆ, ಅಂಗಡಿ ಇಟ್ಟು ಕಮಿಷನ್ ತೆಗೆದುಕೊಳ್ಳುವವರು ಬೇರೆ. ಗೆರೆ ಎಲ್ಲಿ ಎಳೆಯುತ್ತೀರೋ ಅದರ ಮೇಲೆ ಗೆದ್ದವರು ಬದಲಾಗುತ್ತಾರೆ.

ಇದು ಬರೀ ಪುಸ್ತಕದ ಮಾತಲ್ಲ, ಕೋರ್ಟಿನಲ್ಲಿ ಕೋಟಿಗಟ್ಟಲೆ ಡಾಲರ್ ಸುರಿದು ಜಗಳ ಆಡಿರುವುದೇ ಈ ಗೆರೆಗಾಗಿ. 2022ರ ಜನವರಿಯಲ್ಲಿ ಮೈಕ್ರೋಸಾಫ್ಟ್ 6,870 ಕೋಟಿ ಡಾಲರ್‌ಗೆ ಆಕ್ಟಿವಿಷನ್ ಬ್ಲಿಝಾರ್ಡ್ ಅನ್ನುವ ಗೇಮ್ ಕಂಪನಿಯನ್ನು ಕೊಳ್ಳುತ್ತೇನೆ ಅಂತ ಘೋಷಿಸಿತು. ಮಾರುಕಟ್ಟೆಯಲ್ಲಿ ಸ್ಪರ್ಧೆ ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ತಕರಾರು ತೆಗೆಯಿತು. ಅವರ ವಾದದಲ್ಲಿ ಅಂಗಳ ಅಂದರೆ "ಹೈ ಪರ್ಫಾರ್ಮೆನ್ಸ್ ಕನ್ಸೋಲ್", ಅಂದರೆ ಸೋನಿಯ ಪ್ಲೇಸ್ಟೇಷನ್ ಮತ್ತು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಎರಡೇ. ನಿಂಟೆಂಡೊ ಸ್ವಿಚ್ ಬೇಲಿಯ ಆಚೆ. ಮೈಕ್ರೋಸಾಫ್ಟ್ ಏನು ಹೇಳಿತು ಗೊತ್ತಾ? ಸ್ವಾಮಿ, ಸ್ವಿಚ್ಚನ್ನೂ ಸೇರಿಸಿ, ನಾವು ಮೂವರಲ್ಲಿ ಮೂರನೆಯವರು, ಕನ್ಸೋಲ್ ಯುದ್ಧದಲ್ಲಿ ನಾವು ಸೋತಿದ್ದೇವೆ ಅಂತ ತಾನೇ ಬರೆದುಕೊಟ್ಟಿತು! ಜಾಹೀರಾತಿನಲ್ಲಿ ಎಲ್ಲರೂ ಮೊದಲಿಗರು, ಕೋರ್ಟಿನಲ್ಲಿ ಎಲ್ಲರೂ ಕೊನೆಯವರು. 2023ರ ಜುಲೈನಲ್ಲಿ ನ್ಯಾಯಾಧೀಶೆ ಜಾಕ್ವೆಲಿನ್ ಸ್ಕಾಟ್ ಕಾರ್ಲಿ ತಡೆ ಕೊಡಲಿಲ್ಲ, ಅಕ್ಟೋಬರ್‌ನಲ್ಲಿ ಖರೀದಿ ಮುಗಿಯಿತು.

ಅದೇ ಖರೀದಿಯನ್ನು ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ 2023ರ ಏಪ್ರಿಲ್‌ನಲ್ಲಿ ಮೊದಲು ತಡೆದಿತ್ತು. ಕಾರಣ ಕನ್ಸೋಲ್ ಅಲ್ಲ, ಕ್ಲೌಡ್ ಗೇಮಿಂಗ್, ಅಂದರೆ ಗೇಮ್ ದೂರದ ಸರ್ವರ್‌ನಲ್ಲಿ ಓಡುತ್ತದೆ, ನಾವು ಇಂಟರ್‌ನೆಟ್ ಮೂಲಕ ಆಡುತ್ತೇವೆ. ಆ ಪುಟ್ಟ ಅಂಗಳದಲ್ಲಿ ಮೈಕ್ರೋಸಾಫ್ಟ್ ಪಾಲು ಶೇ. 60ರಿಂದ 70 ಅಂತ ಅವರ ಅಂದಾಜು. ನೋಡಿ, ಒಂದೇ ಕಂಪನಿ, ಒಂದೇ ವರ್ಷ. ಒಂದು ಗೆರೆಯೊಳಗೆ ಕೊನೆಯವನು, ಇನ್ನೊಂದರೊಳಗೆ ರಾಜ.

ಫೋರ್ಟ್‌ನೈಟ್ ಗೇಮ್ ಮಾಡುವ ಎಪಿಕ್ ಮತ್ತು ಆಪಲ್ ಕೇಸು ಇನ್ನೂ ಚೆನ್ನಾಗಿದೆ. ಐಫೋನ್ ಆ್ಯಪ್‌ಗಳ ಹಂಚಿಕೆಯೇ ಒಂದು ಮಾರುಕಟ್ಟೆ ಅಂತ ಎಪಿಕ್ ವಾದ, ಹಾಗೆ ನೋಡಿದರೆ ಆಪಲ್ ಪಾಲು ನೂರಕ್ಕೆ ನೂರು. ಇಲ್ಲ, ಕನ್ಸೋಲ್ ಪಿಸಿ ಎಲ್ಲ ಸೇರಿದ ಇಡೀ ಡಿಜಿಟಲ್ ಗೇಮ್ ಲೋಕವೇ ಮಾರುಕಟ್ಟೆ ಅಂತ ಆಪಲ್ ವಾದ, ಆಗ ಅದು ಹಲವರಲ್ಲಿ ಒಬ್ಬ. 2021ರ ಸೆಪ್ಟೆಂಬರ್ ತೀರ್ಪಿನಲ್ಲಿ ನ್ಯಾಯಾಧೀಶೆ ಇವೆರಡನ್ನೂ ಪಕ್ಕಕ್ಕಿಟ್ಟು "ಡಿಜಿಟಲ್ ಮೊಬೈಲ್ ಗೇಮಿಂಗ್ ವಹಿವಾಟು" ಅಂತ ಮೂರನೇ ಗೆರೆ ಎಳೆದರು. ಅದರೊಳಗೆ ಆಪಲ್ ಪಾಲು ಶೇ. 55ಕ್ಕಿಂತ ಸ್ವಲ್ಪ ಹೆಚ್ಚು.

ಹಾಗಾದರೆ ನೀವು ಗೆರೆ ಎಳೆಯುವುದು ಹೇಗೆ? ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದರ ಬೆಲೆ ಸ್ವಲ್ಪ ಏರಿದರೆ ಆಟಗಾರ ಯಾವುದರ ಕಡೆ ಹೋಗುತ್ತಾನೆ? ಪಿಎಸ್5 (ಪ್ಲೇಸ್ಟೇಷನ್ 5) ದುಬಾರಿಯಾದರೆ ಎಕ್ಸ್‌ಬಾಕ್ಸ್ ಅಥವಾ ಪಿಸಿ ಕಡೆ ಹೋಗಬಹುದು. ಮೊಬೈಲಿನ ಲೂಡೋ ಕಡೆ ಅಂತೂ ಹೋಗುವುದಿಲ್ಲ. ಹೋಗುವ ಜಾಗಗಳೆಲ್ಲ ಒಂದೇ ಅಂಗಳ. ಅದನ್ನು ಸ್ಪ್ರೆಡ್‌ಶೀಟಿನ ಮೊದಲ ಸಾಲಿನಲ್ಲೇ ಬರೆದಿಡಿ. ಜೊತೆಗೆ ದೇಶ ಯಾವುದು ಅಂತಲೂ. 2023ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್‌ನ ಬ್ರಾಡ್ ಸ್ಮಿತ್ ಕೊಟ್ಟ ಲೆಕ್ಕದಲ್ಲಿ ಪ್ಲೇಸ್ಟೇಷನ್-ಎಕ್ಸ್‌ಬಾಕ್ಸ್ ಪಾಲು ಜಗತ್ತಿನಲ್ಲಿ 70:30, ಯುರೋಪಿನಲ್ಲಿ 80:20, ಜಪಾನಿನಲ್ಲಿ 96:4. ಇದು ಒಂದು ಪಕ್ಷದವರು ಹೇಳಿದ ಅಂಕಿ ಅನ್ನುವುದು ನೆನಪಿರಲಿ.

ಹೆಜ್ಜೆ 2: ಯಂತ್ರ ಎಣಿಸಿ, ಆದರೆ ಗೋದಾಮಿನದ್ದಲ್ಲ

ಕನ್ಸೋಲ್ ಆದರೆ ಎಷ್ಟು ಯಂತ್ರ ಮಾರಾಟವಾಯಿತು ಅನ್ನುವುದು ಸುಲಭವಾಗಿ ಸಿಗುವ ಅಂಕಿ. ಪ್ಲೇಸ್ಟೇಷನ್ 2, ನಿಂಟೆಂಡೊ ಡಿಎಸ್, ಸ್ವಿಚ್, ಈ ಮೂರೂ 15 ಕೋಟಿ ದಾಟಿವೆ. ಆದರೆ ಕಂಪನಿ ಹೇಳುವ "ಮಾರಾಟ" ಎರಡು ಥರ. ಒಂದು, ಅಂಗಡಿಗಳಿಗೆ ಕಳಿಸಿದ್ದು. ಇನ್ನೊಂದು, ಗಿರಾಕಿ ಮನೆಗೆ ಹೋಗಿದ್ದು. ನಮ್ಮ ಸಿನಿಮಾ ಜಾಹೀರಾತಿನಲ್ಲಿ "300 ಚಿತ್ರಮಂದಿರಗಳಲ್ಲಿ" ಅಂತ ಹಾಕಿರುತ್ತಾರಲ್ಲ, ಎಷ್ಟು ಸೀಟು ತುಂಬಿತು ಅಂತ ಹಾಕಿರುವುದಿಲ್ಲವಲ್ಲ, ಹಾಗೆ. ನಿಂಟೆಂಡೊ ವರದಿಗಳಲ್ಲಿ ಬರುವುದು ಕಳಿಸಿದ ಲೆಕ್ಕ. ಅಡಿಟಿಪ್ಪಣಿ ಓದದೆ ಒಂದೂ ಅಂಕಿ ಎತ್ತಿಕೊಳ್ಳಬೇಡಿ.

ಎರಡನೇ ಎಚ್ಚರಿಕೆ. ಯಾರು ಯಾವ ಅಂಕಿ ಕೊಡುವುದನ್ನು ನಿಲ್ಲಿಸಿದರು ನೋಡಿ. 2015ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಯಂತ್ರಗಳ ಸಂಖ್ಯೆ ಹೇಳುವುದನ್ನು ಬಿಟ್ಟು, ಇನ್ನು ಮುಂದೆ ತಿಂಗಳ ಸಕ್ರಿಯ ಬಳಕೆದಾರರೇ ನಮ್ಮ ಅಳತೆ ಅಂದಿತು. ಚೆನ್ನಾಗಿ ಓಡುತ್ತಿರುವ ಕುದುರೆಯ ವೇಗ ಯಾರೂ ಮುಚ್ಚಿಡುವುದಿಲ್ಲ. ನನ್ನ ಶೀಟಿನಲ್ಲಿ "ಹೇಳುವುದು ಬಿಟ್ಟ ವರ್ಷ" ಅಂತಲೇ ಒಂದು ಕಾಲಂ ಇದೆ, ಎಷ್ಟೋ ಸಲ ಬೇರೆ ಕಾಲಂಗಳಿಗಿಂತ ಅದೇ ಜಾಸ್ತಿ ಹೇಳುತ್ತದೆ.

ಯಂತ್ರದ ಜೊತೆ ಒಂದು ಯಂತ್ರಕ್ಕೆ ಎಷ್ಟು ಗೇಮ್ ಹೋಯಿತು ಅಂತಲೂ ನೋಡಿ. 2025ರ ಮಾರ್ಚ್ ಹೊತ್ತಿಗೆ ಸ್ವಿಚ್ 15.2 ಕೋಟಿ, ಮಾರಿಯೊ ಕಾರ್ಟ್ 8 ಡಿಲಕ್ಸ್ 6.8 ಕೋಟಿ ಪ್ರತಿ. ಭಾಗಿಸಿ. ನೂರು ಸ್ವಿಚ್‌ಗೆ ಸುಮಾರು 45 ಪ್ರತಿ. ಕಂಪನಿ ತನ್ನದೇ ಗೇಮನ್ನು ತನ್ನದೇ ಯಂತ್ರದಲ್ಲಿ ಇಷ್ಟು ಮಾರುತ್ತದೆ ಅಂದರೆ, ಅಂಗಡಿಯೂ ಅದರದ್ದೇ, ಸರಕೂ ಅದರದ್ದೇ. ಮೇಲೆ ನೋಡಿದ ಆ ಲಾಭಕ್ಕೆ ದೊಡ್ಡ ಕಾರಣ ಇದು.

ಹೆಜ್ಜೆ 3: ದುಡ್ಡು ಎಣಿಸಿ

ಇಲ್ಲಿ ಹಳ್ಳಗಳು ಜಾಸ್ತಿ.

ಮೊದಲ ಹಳ್ಳ ವರ್ಷ. ಸೋನಿ, ನಿಂಟೆಂಡೊ ವರ್ಷ ಏಪ್ರಿಲ್‌ನಿಂದ ಮಾರ್ಚ್, ನಮ್ಮ ಹಾಗೆ. ಮೈಕ್ರೋಸಾಫ್ಟ್ ಜುಲೈನಿಂದ ಜೂನ್. ಟೆನ್ಸೆಂಟ್ ಜನವರಿಯಿಂದ ಡಿಸೆಂಬರ್. ನಾನೇ ಒಮ್ಮೆ ಇದನ್ನು ಗಮನಿಸದೆ ನಾಲ್ಕೂ ಕಂಪನಿಗಳ "2021" ಪಕ್ಕಪಕ್ಕ ಇಟ್ಟು, ಒಬ್ಬರದ್ದು ಲಾಕ್‌ಡೌನ್ ಕಾಲದ ಭರ್ಜರಿ ತಿಂಗಳುಗಳು, ಇನ್ನೊಬ್ಬರದ್ದು ಅದು ಇಳಿದ ಮೇಲಿನ ತಿಂಗಳುಗಳು ಅಂತ ಗೊತ್ತಾಗದೆ, ಉದ್ದನೆಯ ಭಾಷಣ ಬೇರೆ ಬಿಗಿದಿದ್ದೆ. ವರ್ಷದ ಬದಲು ಮೂರು ಮೂರು ತಿಂಗಳ ಅಂಕಿ ತೆಗೆದುಕೊಂಡು ನೀವೇ ಕೂಡಿ, ತಪ್ಪುವುದಿಲ್ಲ.

ಎರಡನೇ ಹಳ್ಳ ಕರೆನ್ಸಿ. 2021ರ ಮಾರ್ಚ್‌ನಲ್ಲಿ ಒಂದು ಡಾಲರ್‌ಗೆ ಸುಮಾರು 110 ಯೆನ್, ಮೂರು ವರ್ಷ ಬಿಟ್ಟು ಸುಮಾರು 150. ಒಂದು ಲಕ್ಷ ಕೋಟಿ ಯೆನ್ ಮಾರಾಟ ಮೊದಲಿನ ದರದಲ್ಲಿ 909 ಕೋಟಿ ಡಾಲರ್, ಆಮೇಲಿನ ದರದಲ್ಲಿ 667 ಕೋಟಿ ಡಾಲರ್. ಒಂದು ಗೇಮೂ ಕಡಿಮೆ ಮಾರದೆ ಕಂಪನಿ ಡಾಲರ್ ಲೆಕ್ಕದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಕುಗ್ಗಿತು! ಬೆಳವಣಿಗೆ ನೋಡಬೇಕಾದರೆ ಅವರವರ ಕರೆನ್ಸಿಯಲ್ಲೇ ನೋಡಿ. ಗಾತ್ರ ಹೋಲಿಸಬೇಕಾದರೆ ಮಾತ್ರ ಡಾಲರ್‌ಗೆ ಬದಲಿಸಿ, ಆಯಾ ಅವಧಿಯ ಸರಾಸರಿ ದರ ಹಾಕಿ.

ಮೂರನೆಯದು, ಗ್ರಾಸ್ ಮತ್ತು ಶೇರ್. ಗಾಂಧಿನಗರದ ಭಾಷೆ ಗೊತ್ತಿರುವವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಥಿಯೇಟರ್ ಗಲ್ಲಾಪೆಟ್ಟಿಗೆಗೆ ಬಿದ್ದದ್ದು ಗ್ರಾಸ್, ವಿತರಕನ ಕೈಗೆ ಬಂದದ್ದು ಶೇರ್. ಗೇಮ್ ಅಂಗಡಿಗಳಲ್ಲೂ ಹೀಗೇ. ಸಾವಿರ ರೂಪಾಯಿ ಗೇಮ್ ಮಾರಿದಾಗ ಅಂಗಡಿಯವನು ಪೂರ್ತಿ ಸಾವಿರವನ್ನೂ ತನ್ನ ಆದಾಯ ಅಂತ ತೋರಿಸುತ್ತಾನಾ, ಕಮಿಷನ್ ಮುನ್ನೂರು ಮಾತ್ರ ತೋರಿಸುತ್ತಾನಾ? ವಾರ್ಷಿಕ ವರದಿಯಲ್ಲಿ ಆದಾಯ ಗುರುತಿಸುವ ನೀತಿ ಅಂತ ಒಂದು ಬೇಜಾರಿನ ಪುಟ ಇರುತ್ತದೆ, ಅಲ್ಲಿ ಬರೆದಿರುತ್ತದೆ. ಆ ಸಾವಿರವನ್ನು ಅಂಗಡಿಯ ಲೆಕ್ಕದಲ್ಲೂ ಗೇಮ್ ಮಾಡಿದವರ ಲೆಕ್ಕದಲ್ಲೂ ಎರಡು ಸಲ ಸೇರಿಸಿಬಿಡುವುದು ತುಂಬಾ ಸಾಮಾನ್ಯ ತಪ್ಪು.

ನಾಲ್ಕನೆಯದು ಯಾರು ಯಾರ ಜೇಬಿನಲ್ಲಿದ್ದಾರೆ ಅನ್ನುವುದು. ಯಂತ್ರಗಳ ಮಾರಾಟ ಬಿಟ್ಟು ಬರೀ ಗೇಮ್‌ಗಳ ಆದಾಯ ನೋಡಿದರೆ ಪಟ್ಟಿಯ ಮೇಲೆ ಸಾಮಾನ್ಯವಾಗಿ ಕೂರುವುದು ಚೀನಾದ ಟೆನ್ಸೆಂಟ್. 2023ರಲ್ಲಿ ಅದರ ಗೇಮ್ ಆದಾಯ ದೇಶದೊಳಗೆ ಸುಮಾರು 12,670 ಕೋಟಿ ಯುವಾನ್, ಹೊರಗೆ ಸುಮಾರು 5,320 ಕೋಟಿ ಯುವಾನ್. ರಯಟ್ ಗೇಮ್ಸ್ ಪೂರ್ತಿ ಅದರದ್ದೇ, ಸೂಪರ್‌ಸೆಲ್‌ನಲ್ಲೂ ಹಿಡಿತ ಅದರದ್ದೇ, ಹಾಗಾಗಿ ಆ ದುಡ್ಡು ಲೆಕ್ಕಕ್ಕೆ ಬರುತ್ತದೆ. ಎಪಿಕ್‌ನಲ್ಲಿ 2012ರಲ್ಲಿ ಕೊಂಡದ್ದು ಸುಮಾರು ಶೇ. 40 ಮಾತ್ರ, ಆದ್ದರಿಂದ ಫೋರ್ಟ್‌ನೈಟ್ ದುಡ್ಡು ಟೆನ್ಸೆಂಟ್ ಗೇಮ್ ಆದಾಯದಲ್ಲಿ ಹಾಗೆ ಸೇರುವುದಿಲ್ಲ. ಬಳ್ಳಿ ಹಿಡಿದು ಬೇರಿನವರೆಗೆ ಹೋಗಬೇಕು.

ಹೆಜ್ಜೆ 4: ಜನ ಎಣಿಸಿ, ಅನುಮಾನದಿಂದ

ತಿಂಗಳಲ್ಲಿ ಒಮ್ಮೆ ಆಡಿದವರು, ದಿನಾ ಆಡುವವರು, ಒಂದೇ ಕ್ಷಣದಲ್ಲಿ ಒಟ್ಟಿಗೆ ಆಡುತ್ತಿದ್ದವರು. ಇವು ಮೂರು ಬೇರೆ ಬೇರೆ ಅಂಕಿಗಳು. 2018ರ ಜನವರಿಯಲ್ಲಿ ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಪಬ್‌ಜಿ ಒಂದೇ ಹೊತ್ತಿಗೆ 32 ಲಕ್ಷಕ್ಕೂ ಹೆಚ್ಚು ಜನರನ್ನು ಕೂರಿಸಿತ್ತು. ಸ್ಟೀಮ್‌ನ ಈ ಅಂಕಿ ಯಾರು ಬೇಕಾದರೂ ನೋಡಬಹುದು, ಅದಕ್ಕೇ ನನಗೆ ಇಷ್ಟ. ಸ್ಟೀಮ್ ನಡೆಸುವ ವಾಲ್ವ್ ಖಾಸಗಿ ಕಂಪನಿ, ಲಾಭ ನಷ್ಟ ಹೊರಗೆ ಹೇಳುವುದೇ ಇಲ್ಲ, ಹಾಗಾಗಿ ಪಿಸಿ ಅಂಗಳದಲ್ಲಿ ನಮಗೆ ಸಿಗುವ ಗಟ್ಟಿ ಆಧಾರಗಳಲ್ಲಿ ಇದೂ ಒಂದು.

ತಿಂಗಳ ಬಳಕೆದಾರರ ಅಂಕಿ ಹಾಗಲ್ಲ, ಹಿಗ್ಗಿಸಿದರೆ ಹಿಗ್ಗುತ್ತದೆ. ಸೋನಿ ಎಣಿಸುವುದು ಪ್ಲೇಸ್ಟೇಷನ್ ನೆಟ್‌ವರ್ಕಿನ ಖಾತೆಗಳನ್ನು, ಅದು 12 ಕೋಟಿಯ ಆಸುಪಾಸು. ಮೈಕ್ರೋಸಾಫ್ಟ್ 2025ರ ಜುಲೈನಲ್ಲಿ ಹೇಳಿದ್ದು 50 ಕೋಟಿ! ಆದರೆ ಅದರಲ್ಲಿ ಎಲ್ಲ ಸಾಧನಗಳೂ ಸೇರಿವೆ, ಆಕ್ಟಿವಿಷನ್ ಜೊತೆ ಬಂದ ಕಿಂಗ್ ಕಂಪನಿಯ ಕ್ಯಾಂಡಿ ಕ್ರಷ್ ಕೂಡ. ಮಧ್ಯಾಹ್ನ ಊಟ ಆದ ಮೇಲೆ ಸೋಫಾದಲ್ಲಿ ಒರಗಿ ಕ್ಯಾಂಡಿ ಒಡೆಯುವ ನಿಮ್ಮ ಚಿಕ್ಕಮ್ಮನೂ ಆ 50 ಕೋಟಿಯಲ್ಲಿ ಒಬ್ಬರು. ಅವರಿಗೆ ಎಕ್ಸ್‌ಬಾಕ್ಸ್ ಅಂದರೆ ಏನು ಅಂತಲೂ ಗೊತ್ತಿಲ್ಲ.

ಡೌನ್‌ಲೋಡ್ ಅಂಕಿಯಂತೂ ಇನ್ನೂ ಸಡಿಲ. ಮೊಬೈಲ್ ಗೇಮ್ ಡೌನ್‌ಲೋಡ್‌ನಲ್ಲಿ ಭಾರತ ಜಗತ್ತಿನ ಮುಂಚೂಣಿಯಲ್ಲಿದೆ, ಪತ್ರಿಕೆಗಳಲ್ಲಿ ಹೆಮ್ಮೆಯಿಂದ ಬರುತ್ತದೆ. ದುಡ್ಡಿನ ಪಟ್ಟಿ ತೆಗೆದರೆ ಮೇಲಿರುವುದು ಅಮೆರಿಕ, ಚೀನಾ, ಜಪಾನ್. ನಾವು ಇಳಿಸಿಕೊಳ್ಳುತ್ತೇವೆ, ಜಾಹೀರಾತು ನೋಡುತ್ತೇವೆ, ಜಾಗ ಇಲ್ಲ ಅಂತ ಅಳಿಸುತ್ತೇವೆ.

ಭಾರತದ ಲೆಕ್ಕ ಮಾಡುವವರಿಗೆ ಮೂರು ಮಾತು

ಒಂದು, ಇಲ್ಲಿ ಅಂಕಿಗಳ ಸಾಲುಗಳು ಮಧ್ಯೆ ಮಧ್ಯೆ ತುಂಡಾಗುತ್ತವೆ. 2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ನಿಷೇಧ, 2021ರ ಜುಲೈನಲ್ಲಿ ಬಿಜಿಎಂಐ ಹೆಸರಲ್ಲಿ ವಾಪಸು, 2022ರ ಫೆಬ್ರುವರಿಯಲ್ಲಿ ಫ್ರೀ ಫೈರ್ ಹೊರಗೆ, ಅದೇ ಜುಲೈನಲ್ಲಿ ಬಿಜಿಎಂಐ ಕೂಡ ಹೊರಗೆ, 2023ರ ಮೇನಲ್ಲಿ ಅದು ಮತ್ತೆ ಒಳಗೆ. ಈ ತಿಂಗಳುಗಳಲ್ಲಿ ಮೇಲೆ ಬಂದವರನ್ನು ಗೆದ್ದವರು ಅನ್ನಬೇಡಿ. ಎದುರಾಳಿ ಕಣದಲ್ಲೇ ಇರಲಿಲ್ಲ.

ಎರಡು, ಹಳೆಯ ವರದಿಗಳಲ್ಲಿ "ಗೇಮಿಂಗ್ ಉದ್ಯಮ" ಅಂದರೆ ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಎಲ್ಲ ಸೇರಿರುತ್ತಿತ್ತು, ಆದಾಯದ ದೊಡ್ಡ ಪಾಲು ಅದೇ ಆಗಿತ್ತು. 2025ರ ಆಗಸ್ಟ್‌ನ ಕಾಯ್ದೆ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಹಳೆ ಅಂಕಿಯಿಂದ ಆ ಭಾಗ ಕಳೆಯದೆ ಹೊಸದರ ಜೊತೆ ಹೋಲಿಸಿದರೆ ಉದ್ಯಮವೇ ಕುಸಿದ ಹಾಗೆ ಕಾಣುತ್ತದೆ.

ಮೂರು, ಕೆಲಸ ಎಲ್ಲಿ, ದುಡ್ಡು ಎಲ್ಲಿ ಅಂತ ಬೇರೆ ಮಾಡಿ. 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಕಟ್ಟಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಸಾಲಿನ ಗೇಮ್ ಸ್ಟುಡಿಯೋ. 2019ರಲ್ಲಿ ಅದನ್ನು ಕೊಂಡದ್ದು ಜಿಟಿಎ ಮಾಡುವ ರಾಕ್‌ಸ್ಟಾರ್. ಆ ಹುಡುಗರ ಕೈಚಳಕದಿಂದ ಬರುವ ಆದಾಯ ಕೂರುವುದು ರಾಕ್‌ಸ್ಟಾರ್‌ನ ಮಾಲೀಕ ಕಂಪನಿ, ನ್ಯೂಯಾರ್ಕಿನ ಟೇಕ್-ಟು ಲೆಕ್ಕದಲ್ಲಿ. ಕರ್ನಾಟಕ ಗೇಮಿಂಗ್‌ನಲ್ಲಿ ಮುಂದಿದೆ ಅನ್ನುವವರನ್ನು ಕೇಳಿ: ಕೆಲಸಗಾರರಲ್ಲೋ, ಗಿರಾಕಿಗಳಲ್ಲೋ, ಮಾಲೀಕತ್ವದಲ್ಲೋ?

ಹೆಜ್ಜೆ 5: ಪಾಲು ತೆಗೆದು ವರ್ಗ ಮಾಡಿ

ಇದು ಐದು ನಿಮಿಷದ ಕೆಲಸ. ಒಂದು ಹಳೆಯ ಸುತ್ತು ತೆಗೆದುಕೊಳ್ಳೋಣ. ನಿಂಟೆಂಡೊದ ವೀ ಸುಮಾರು 10.2 ಕೋಟಿ, ಸೋನಿಯ ಪಿಎಸ್3 ಸುಮಾರು 8.7 ಕೋಟಿ, ಎಕ್ಸ್‌ಬಾಕ್ಸ್ 360 ಸುಮಾರು 8.4 ಕೋಟಿ. ಪಾಲು ಶೇ. 37, 32, 31. ಪ್ರತಿಯೊಂದನ್ನೂ ಅದರಿಂದಲೇ ಗುಣಿಸಿ ಕೂಡಿದರೆ ಸುಮಾರು 3,350. ಇದಕ್ಕೆ ಹರ್ಫಿಂಡಾಲ್-ಹರ್ಷ್‌ಮನ್ ಸೂಚ್ಯಂಕ ಅನ್ನುತ್ತಾರೆ. ಹೆಸರಿಗೆ ಹೆದರಬೇಡಿ. ಅಮೆರಿಕದ 2023ರ ಮಾರ್ಗಸೂಚಿಯಲ್ಲಿ 1,800 ದಾಟಿದರೆ ಕೆಲವೇ ಕೈಗಳಲ್ಲಿರುವ ಮಾರುಕಟ್ಟೆ ಅಂತ ಲೆಕ್ಕ. 70:30 ಇದ್ದರೆ 5,800 ಬರುತ್ತದೆ. ಮೂವರಿರುವ ಕಣದಲ್ಲಿ 3,350 ಅಂದರೆ ಹೆಚ್ಚುಕಡಿಮೆ ಸಮಬಲ. ವೀ "ಗೆದ್ದಿತು" ನಿಜ, ಆದರೆ ಯಾರನ್ನೂ ನೆಲಕ್ಕೆ ಕೆಡವಲಿಲ್ಲ.

ಒಂದು ವರ್ಷದ ಪಾಲು ಸಾಲದು, ಎರಡು ತಲೆಮಾರಿನ ಯಂತ್ರಗಳನ್ನಾದರೂ ನೋಡಿ. ಆ ವೀ ನಂತರ 2012ರಲ್ಲಿ ಬಂದ ವೀ ಯು 1.36 ಕೋಟಿಗೆ ನಿಂತುಹೋಯಿತು. ಅದರ ನಂತರ 2017ರಲ್ಲಿ ಬಂದದ್ದು ಸ್ವಿಚ್. ಒಂದೇ ಮನೆಯ ಮೂವರು ಮಕ್ಕಳು!

ಹೆಜ್ಜೆ 6: ತಳ್ಳಿ ನೋಡಿ

ನನ್ನ ಪ್ರಕಾರ ನಿಜವಾದ ಪರೀಕ್ಷೆ ಇದು. ಮುಂದಿರುವವನು ಅಂದರೆ ಹೆಚ್ಚು ಮಾರುವವನು ಅಷ್ಟೇ ಅಲ್ಲ. ಅವನು ನಿಯಮ ಮಾಡಿದರೆ ಉಳಿದವರು ಒಪ್ಪಿಕೊಳ್ಳಬೇಕು, ಅವನನ್ನು ತಳ್ಳಿದರೆ ಅಲ್ಲಾಡಬಾರದು.

ಸ್ಟೀಮ್ ಮಾರಾಟದ ಮೇಲೆ ಶೇ. 30 ತೆಗೆದುಕೊಳ್ಳುತ್ತದೆ. 2018ರ ಕೊನೆಯಲ್ಲಿ ಒಂದು ಕೋಟಿ ಡಾಲರ್ ದಾಟಿದ ಗೇಮ್‌ಗಳಿಗೆ ಶೇ. 25, ಐದು ಕೋಟಿ ದಾಟಿದವಕ್ಕೆ ಶೇ. 20 ಅಂತ ದೊಡ್ಡವರಿಗೆ ಮಾತ್ರ ಇಳಿಸಿತು. ಆ ಬೆನ್ನಿಗೇ ಎಪಿಕ್ ತನ್ನ ಅಂಗಡಿ ತೆರೆದು ಶೇ. 12 ಸಾಕು ಅಂದಿತು, ಆಟಗಾರರಿಗೆ ಗೇಮ್‌ಗಳನ್ನು ಪುಕ್ಕಟೆ ಹಂಚಿತು, ಇವತ್ತಿಗೂ ಹಂಚುತ್ತಿದೆ. ಆದರೂ 2025ರ ಮಾರ್ಚ್‌ನಲ್ಲಿ ಸ್ಟೀಮ್ ಒಂದೇ ಹೊತ್ತಿಗೆ 4 ಕೋಟಿ ಜನರನ್ನು ದಾಟಿತು. ಪಕ್ಕದ ಅಂಗಡಿಯಲ್ಲಿ ಅರ್ಧಕ್ಕಿಂತ ಕಡಿಮೆ ಕಮಿಷನ್, ಪುಕ್ಕಟೆ ಸರಕು, ಆದರೂ ಗಿರಾಕಿ ಕದಲುವುದಿಲ್ಲ ಅಂದರೆ ಅದು ಹಿಡಿತ. ಲಾಭದ ಅಂಕಿ ಸಿಗದಿದ್ದರೂ ಪಿಸಿ ಅಂಗಳದಲ್ಲಿ ಯಾರು ಮುಂದೆ ಅಂತ ನಾನು ಧೈರ್ಯವಾಗಿ ಹೇಳುವುದು ಇದರ ಮೇಲೆ.

ಕನ್ಸೋಲ್‌ನಲ್ಲೂ ಹೀಗೇ ನೋಡಿ. 2024ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ನಾಲ್ಕು ಗೇಮ್‌ಗಳನ್ನು ಬೇರೆ ಕನ್ಸೋಲ್‌ಗಳಿಗೆ ಕಳಿಸುತ್ತೇನೆ ಅಂತ ಪ್ರಕಟಿಸಿತು. 2025ರಲ್ಲಿ ಫೋರ್ಜಾ ಹೊರೈಜನ್ 5 ಕೂಡ ಪಿಎಸ್5ಗೆ ಹೋಯಿತು. ಎದುರಾಳಿಯ ಅಂಗಡಿಯಲ್ಲಿ ಸರಕು ಇಡಬೇಕಾಗಿ ಬಂತು ಅಂದರೆ ಯಂತ್ರದ ಅಂಗಳದಲ್ಲಿ ಯಾರು ಮೇಲಿದ್ದಾರೆ ಅಂತ ಗೊತ್ತಾಗುತ್ತದೆ. ಗೇಮ್ ಮಾರುವ ಅಂಗಳದಲ್ಲಿ ಇದೇ ಮೈಕ್ರೋಸಾಫ್ಟ್‌ಗೆ ಲಾಭದ ನಡೆಯೂ ಆಗಬಹುದು. ಮತ್ತೆ ಹೆಜ್ಜೆ 1ಕ್ಕೆ ಬಂದೆವು, ನೋಡಿ.

ಹೆಜ್ಜೆ 7: ಒಂದು ವಾಕ್ಯ ಬರೆಯಿರಿ

ಶೀಟ್ ಮುಗಿದ ಮೇಲೆ "ಸೋನಿ ನಂಬರ್ ಒನ್" ಅಂತ ಬರೆಯಬೇಡಿ. "2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ, ಯೆನ್ ಮಾರಾಟದಲ್ಲಿ, ಯಂತ್ರವೂ ಸೇರಿದಂತೆ, ಸೋನಿ ಗೇಮ್ ವಿಭಾಗ ನಿಂಟೆಂಡೊಗಿಂತ ಎರಡೂವರೆ ಪಟ್ಟು" ಅಂತ ಬರೆಯಿರಿ. ಓದಲು ಚಂದ ಇಲ್ಲ. ಆದರೆ ಯಾರೂ ಬೀಳಿಸಲಾಗುವುದಿಲ್ಲ. ಹಣ, ಯಂತ್ರ, ಜನ, ಈ ಮೂರರಲ್ಲಿ ಎರಡಾದರೂ ಒಂದೇ ಹೆಸರು ಹೇಳಿ, ತಳ್ಳುವ ಪರೀಕ್ಷೆಯಲ್ಲೂ ಅದೇ ಹೆಸರು ಉಳಿದರೆ ಮಾತ್ರ ನಾನು "ಮುಂದಾಳು" ಅನ್ನುವ ಪದ ಬಳಸುತ್ತೇನೆ.

ಅಂಕಿ ಹೊಸದು ಮಾಡುತ್ತಿರಬೇಕಲ್ಲ, ಅದಕ್ಕೆ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಮೈಕ್ರೋಸಾಫ್ಟ್ ಫಲಿತಾಂಶ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಕೊನೆಯಲ್ಲಿ ಬರುತ್ತದೆ. ಸೋನಿ, ನಿಂಟೆಂಡೊ ಅದರ ಹಿಂದೆಯೇ, ಫೆಬ್ರುವರಿ, ಮೇ, ಆಗಸ್ಟ್, ನವೆಂಬರ್ ಮೊದಲಾರ್ಧದಲ್ಲಿ. ಟೆನ್ಸೆಂಟ್‌ನ ಇಡೀ ವರ್ಷದ ಲೆಕ್ಕ ಮಾರ್ಚ್ ಎರಡನೇ ಅರ್ಧದಲ್ಲಿ. ನಿಂಟೆಂಡೊ ಹೂಡಿಕೆದಾರರ ಪುಟದಿಂದ ಶುರು ಮಾಡಿ, ಅದರಲ್ಲಿ ಯಂತ್ರ ಮತ್ತು ಗೇಮ್‌ಗಳ ಒಟ್ಟು ಸಂಖ್ಯೆ ಒಂದೇ ಕಡೆ ಇಟ್ಟಿರುತ್ತಾರೆ, ಹೊಸಬರಿಗೆ ಕೈ ಪಳಗಿಸಲು ಅದೇ ಸುಲಭ.